ಹದ ಆರುವುದರೊಳಗೆ ಲಿಫ್ಟ್ ಏಳಬೇಕು

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಬೇವಿನ ಮರದ ಕೆಳಗೊಂದು ಗ್ಯಾರೇಜು. ಹೆಸರು ಬಿಡಿಸಿದ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ, ಬಿಳಿಜೋಳ ಬಿತ್ತುವ ದಿನಗಳು. ಬಣ್ಣ ಮಾಸಿದ ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರೊಂದು ಕೂರಿಗೆಯನ್ನು ಹೊಲದಲ್ಲೇ ಬಿಟ್ಟು ಬಂದು ನಿಂತಿದೆ. ಸಲಕರಣೆ ಎತ್ತುವ ಲಿಫ್ಟಿನ ಎರಡೂ ತೋಳು ಹಿಂದೆ ಜೋತುಬಿದ್ದಿವೆ.

“ಲಿಫ್ಟ್ ಏಳವಲ್ದೋ ತಮ್ಮಾ. ಮ್ಯಾಲಿನ ಮುಚ್ಚಳಾ ಬಿಚ್ಚಬೇಕೇನು?”

“ತಡೀರಿ ಕಾಕಾ. ಪಿಟಿಓ ಹಾಕಿ ನೋಡೀರಿಲ್ಲೋ?”

“ಹಾಕೇನಪಾ. ಆದ್ರೂ ಏಳವಲ್ದು.”

ಕೇಳಲೇಬೇಕಾದ ಪ್ರಶ್ನೆಯದು. ಈ ಹಳೆಯ ಮಾದರಿಗಳಲ್ಲಿ ಲಿಫ್ಟಿನ ಪಂಪು ತಿರುಗುವುದೇ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಸಲಕರಣೆಗೆ ಒಯ್ಯುವ ಪಿಟಿಓ ದಂಡದಿಂದ. ಪಿಟಿಓ ಲಿವರ್ ತಪ್ಪಿಸಿಟ್ಟರೆ ಎಷ್ಟು ರೇಸ್ ಕೊಟ್ಟರೂ ತೋಳು ಅಲುಗುವುದಿಲ್ಲ. ಈ ಲಿಫ್ಟಿನ ಮೂಲಪುರುಷ ಹ್ಯಾರಿ ಫರ್ಗ್ಯುಸನ್ ಉಳುಮೆಯ ಆಳವನ್ನು ಎಣ್ಣೆಯ ಒತ್ತಡದಿಂದ ಕಾಯುವ ಪದ್ಧತಿಗೆ 1926ರಲ್ಲಿ ಪೇಟೆಂಟ್ ಪಡೆದ. ಮದ್ರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿ ಅವನ ಹೆಸರಿನ ಟ್ರ್ಯಾಕ್ಟರನ್ನು ನಮ್ಮ ಹೊಲಗಳಿಗೆ ತಂದಿತು.

ಮಿಸ್ತ್ರಿ ಇನ್ನೂ ಪಾನಾ ಮುಟ್ಟಿಲ್ಲ. ಅಳತೆಕಡ್ಡಿ ಎಳೆದು, ತುದಿಗಂಟಿದ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿಯುತ್ತಾನೆ. ಹಾಲು ಹೆಚ್ಚಾದ ಚಹಾದ ಬಣ್ಣ. ನೀರು ಸೇರಿದೆ. ಎಲ್ಲಿಂದ ಎಂದು ಹುಡುಕಿದರೆ ಗೇರ್ ಲಿವರಿನ ಬುಡದ ರಬ್ಬರ್ ಸೀಳಿದೆ. ಮಳೆಗಾಲವಿಡೀ ಟ್ರ್ಯಾಕ್ಟರು ಬಯಲಲ್ಲಿ ನಿಂತಿತ್ತು. ಗೇರುಗಳಿಗೂ ಲಿಫ್ಟಿಗೂ ಇರುವುದು ಒಂದೇ ಎಣ್ಣೆ. ಆ ಸೀಳಿನಿಂದ ಇಳಿದ ನೀರು ಪಂಪಿನವರೆಗೂ ಹೋಗುತ್ತದೆ.

ಕೆಳಗಿನ ಪ್ಲಗ್ ಸಡಿಲಿಸಿದಾಗ ಮೊದಲು ಬಂದದ್ದು ನೀರು, ಬೆನ್ನಿಗೇ ಮಬ್ಬು ಎಣ್ಣೆ. ಪಂಪಿಗೆ ಎಣ್ಣೆ ಹೋಗುವ ದಾರಿಯ ಜಾಲರಿ ಹೊರಗೆ ಬಂತು. ಕಣ್ಣುಗಳೇ ಕಾಣದಷ್ಟು ರಾಡಿ ಮೆತ್ತಿದೆ. ಅದನ್ನು ಡೀಸೆಲ್ಲಿನಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಅದ್ದುತ್ತಾನೆ. ಅವಸರವಿಲ್ಲದ ಈ ಕೈಕೆಲಸ ನೋಡುತ್ತ ನಿಲ್ಲುವುದೇ ನನಗೊಂದು ಸಂತೋಷ. ಪಂಪು ಕೆಟ್ಟಿರಲಿಲ್ಲ, ಹೀರಲು ಅದಕ್ಕೆ ಎಣ್ಣೆ ಸಿಗುತ್ತಿರಲಿಲ್ಲ. ಮೊದಲೇ ಮುಚ್ಚಳ ಬಿಚ್ಚಿದ್ದರೆ ರೈತನ ಒಂದು ದಿನ, ಕೈತುಂಬ ರೊಕ್ಕ ಎರಡೂ ಹೋಗುತ್ತಿದ್ದವು.

ಕಬ್ಬಿನ ಹಂಗಾಮಿನಲ್ಲಾಗಲಿ, ಎಲ್ಲಮ್ಮನ ಗುಡ್ಡಕ್ಕೆ ಜನ ಹೇರಿಕೊಂಡು ಹೋಗುವಾಗಾಗಲಿ ಟ್ರ್ಯಾಕ್ಟರು ಎಳೆಯುವುದು ಟ್ರೇಲರನ್ನು. ಲಿಫ್ಟಿನ ನೆನಪೇ ಬರುವುದಿಲ್ಲ. ಅದರ ರೋಗ ಬಯಲಾಗುವುದು ಭೂಮಿ ಹದಕ್ಕೆ ಬಂದ ದಿನವೇ. ಎರೆಭೂಮಿಯ ಹಸಿ ಆರಿದರೆ ಕಡಲೆ ಮೊಳೆಯುವುದಿಲ್ಲ.

ಹೊಸ ಎಣ್ಣೆ ಬಿತ್ತು, ರಬ್ಬರ್ ಬದಲಾಯಿತು. ಪರೀಕ್ಷೆಗೆಂದು ಇಟ್ಟ ಹಳೆಯ ಟಿಲ್ಲರ್ ಕಟ್ಟಿ ಲಿವರ್ ಎಳೆದರು. ಮೊದಲು ಸ್ವಲ್ಪ ಕುಕ್ಕಿತು. ಒಳಗಿನ ಗಾಳಿ ಹೊರಗೆ ಹೋದ ಮೇಲೆ ಟಿಲ್ಲರ್ ನೆಟ್ಟಗೆ ಎದ್ದಿತು. ಕಾಕಾ ಬಗ್ಗಿ ಅದರಡಿ ಇಣುಕಲು ಹೋದರೆ ಮಿಸ್ತ್ರಿ ರಟ್ಟೆ ಹಿಡಿದು ಈಚೆಗೆ ಎಳೆದ: “ಎತ್ತಿದ್ದರ ಕೆಳಗ ತಲಿ ಹಾಕಬ್ಯಾಡ್ರಿ!”

ಅಷ್ಟರಲ್ಲಿ ರಾಮದುರ್ಗದ ಕಡೆಯದೊಂದು ಟ್ರ್ಯಾಕ್ಟರು ಬಂತು. ಇಂಜಿನ್ ಬಂದ್ ಮಾಡಿದರೆ ಲಿಫ್ಟ್ ತಾನಾಗಿ ಇಳಿಯುತ್ತದಂತೆ.

“ಸಿಲಿಂಡರಿನ ಸೀಲ್ ಸವದಿರಬೇಕು,” ಎಂದ ಮಿಸ್ತ್ರಿ, “ಇದರ ಮುಚ್ಚಳಾ ಮಾತ್ರ ಬಿಚ್ಚಬೇಕಾಗತೈತ್ರಿ.”