ಕೊಲೆಗಾರನನ್ನು ಬಿಟ್ಟುಕೊಡದ ಪೋಸ್ಟರ್

ಕಾಲೇಜು ಹುಡುಗರ ಪತ್ತೇದಾರಿ ಕಿರುಚಿತ್ರಗಳ ಪೋಸ್ಟರ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಕಪ್ಪು ಹಿನ್ನೆಲೆ, ಅರ್ಧ ಮುಖ, ರಕ್ತದ ಕಲೆ, ಒಂದು ಭೂತಗನ್ನಡಿ, ಕೆಳಗೆ ‘ಒಂದು ರಾತ್ರಿ... ಒಂದು ಸಾವು...’. ಹೆಸರೊಂದನ್ನು ಬದಲಿಸಿ ಪಕ್ಕದ ಕಾಲೇಜಿನವರೂ ಅದನ್ನೇ ಅಂಟಿಸಿಕೊಳ್ಳಬಹುದು.

ರಹಸ್ಯ ಚಿತ್ರದ ಪೋಸ್ಟರ್ ನೋಡಿದವರ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿಸಬೇಕು. ‘ಏನೋ ಭಯಾನಕ ನಡೆದಿದೆ’ ಅನ್ನಿಸಿದರೆ ಸಾಲದು. ಹಾಸ್ಟೆಲ್ ಹುಡುಗನೊಬ್ಬ ಕಾಣೆಯಾಗುವ ಕಥೆ ನಿಮ್ಮದು, ಚಿತ್ರದ ಹೆಸರು ‘ಹೊರಗಿಂದ ಬೀಗ’ ಎಂದಿಟ್ಟುಕೊಳ್ಳಿ. ಮುಚ್ಚಿದ ಬಾಗಿಲು, ಅದಕ್ಕೆ ಬೀಗ, ಹೊಸ್ತಿಲ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ. ಬೀಗವೂ ಹೊರಗೆ, ಚಪ್ಪಲಿಯೂ ಹೊರಗೆ, ಹಾಗಾದರೆ ಹುಡುಗ ಎಲ್ಲಿ? ಮುಖವಿಲ್ಲ, ರಕ್ತವಿಲ್ಲ. ದಾರಿಹೋಕರು ಒಂದು ಕ್ಷಣ ನಿಲ್ಲುವುದಕ್ಕೆ ಇಷ್ಟು ಸಾಕು.

ಇಂಥ ವಸ್ತುವನ್ನು ಹುಡುಕಲು ಚಿತ್ರಕಥೆ ಹಿಡಿದು ಕೂತು, ಕಥೆಯ ಮೊದಲ ಮೂರನೇ ಒಂದು ಭಾಗದಲ್ಲಿ ಕಾಣಿಸುವ ವಸ್ತುಗಳನ್ನಷ್ಟೇ ಪಟ್ಟಿ ಮಾಡಿ. ಕೊನೆಯಲ್ಲಿ ಬರುವ ಚಾಕು, ಪತ್ರ, ಫೋಟೊ ಎಷ್ಟೇ ಚೆನ್ನಾಗಿದ್ದರೂ ಪೋಸ್ಟರ್‌ಗೆ ಬೇಡ. ಕರಡು ಸಿದ್ಧವಾದ ಮೇಲೆ ಕಥೆ ಗೊತ್ತಿಲ್ಲದ ಯಾರಿಗಾದರೂ ತೋರಿಸಿ ‘ಏನಾಗಿರಬಹುದು?’ ಎಂದು ಕೇಳಿ. ಅವರು ಎರಡು ಮೂರು ಊಹೆ ಮಾಡಿದರೆ ಒಳ್ಳೆಯದು. ನೇರವಾಗಿ ಅಪರಾಧಿಯನ್ನೇ ಹೆಸರಿಸಿದರೆ ಮತ್ತೆ ಕೂರಬೇಕಾಗುತ್ತದೆ.

ಈ ದಾರಿಯ ದೊಡ್ಡ ಮೇಷ್ಟ್ರು ಅಮೆರಿಕದ ವಿನ್ಯಾಸಕಾರ ಸಾಲ್ ಬಾಸ್. 1959ರ ‘ಅನಾಟಮಿ ಆಫ್ ಎ ಮರ್ಡರ್’ ಚಿತ್ರಕ್ಕೆ ಅವರು ರಚಿಸಿದ್ದು ತುಂಡು ತುಂಡಾಗಿ ಕತ್ತರಿಸಿಟ್ಟ ಒಂದು ಕಪ್ಪು ದೇಹದ ಆಕೃತಿ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಷ್ಟು ಸರಳ. ಅದು ಶವಪರೀಕ್ಷೆಯೂ ಹೌದು, ಕೋರ್ಟಿನಲ್ಲಿ ನಡೆಯುವ ವಾದದ ಸೀಳುವಿಕೆಯೂ ಹೌದು; ಕೊಲೆ ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಮಾತ್ರ ಹೇಳುವುದಿಲ್ಲ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ ತಂಡ ಕಲಿಯಬೇಕಾದ್ದು ಇವರಿಂದಲೇ ಎಂಬುದು ನನ್ನ ಅಭಿಪ್ರಾಯ.

ಫೋಟೊ ತೆಗೆಯುವವರು ಹೆಚ್ಚು ಎಡವುವುದು ಇಲ್ಲಿ: ಸಿನಿಮಾದ ಒಂದು ಫ್ರೇಮನ್ನೇ ಕಿತ್ತು ಪೋಸ್ಟರ್ ಮಾಡಲು ಹೊರಡುತ್ತಾರೆ. ಫುಲ್ ಎಚ್‌ಡಿ ಫ್ರೇಮ್ 1920 x 1080 ಪಿಕ್ಸೆಲ್, ಅದೂ ಅಡ್ಡ. ಅದರಿಂದ ಉದ್ದನೆಯ ಪೋಸ್ಟರ್ ಕತ್ತರಿಸಿದರೆ ಅಗಲಕ್ಕೆ ಉಳಿಯುವುದು 764 ಪಿಕ್ಸೆಲ್ ಮಾತ್ರ. ಎ3 ಹಾಳೆಯನ್ನು 300 ಡಿಪಿಐನಲ್ಲಿ ಮುದ್ರಿಸಲು ಬೇಕಾದ್ದು 3508 x 4961. ಹಿಗ್ಗಿಸಿದರೆ ಚಪ್ಪಲಿ ಹೋಗಿ ಕಲೆಯಷ್ಟೇ ಉಳಿಯುತ್ತದೆ. ಆದ್ದರಿಂದ ಶೂಟಿಂಗ್ ದಿನವೇ, ಸೆಟ್ ಕಳಚುವ ಮೊದಲು, ಕ್ಯಾಮೆರಾ ಉದ್ದಕ್ಕೆ ಹಿಡಿದು ಪ್ರತ್ಯೇಕವಾಗಿ ಫೋಟೊ ತೆಗೆದುಕೊಳ್ಳಿ. ಟ್ಯೂಬ್‌ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಚಪ್ಪಲಿಗಳ ಮುಂದೆ, ತುಸು ಪಕ್ಕಕ್ಕೆ, ನೆಲಕ್ಕೆ ತಾಗಿಸಿಡಿ. ಚಪ್ಪಲಿಯ ನೆರಳು ಉದ್ದವಾಗಿ ಬಾಗಿಲನ್ನು ಹತ್ತುತ್ತದೆ. ಮೇಲಿನ ಮೂರನೇ ಒಂದು ಭಾಗ ಖಾಲಿ ಇರಲಿ, ಹೆಸರು ಕೂರುವುದು ಅಲ್ಲಿ.

ಹೆಸರನ್ನು ಫಾಂಟಿನಿಂದ ಎತ್ತಿಕೊಳ್ಳುವುದಕ್ಕಿಂತ ಕೈಯಲ್ಲಿ ಬರೆದು ಸ್ಕ್ಯಾನ್ ಮಾಡುವುದು ನನಗಿಷ್ಟ. ‘ಬೀಗ’ದ ತಲೆಕಟ್ಟನ್ನು ಬೀಗದ ಕೊಂಡಿಯಂತೆ ಬಾಗಿಸುವ ಅವಕಾಶ ಫಾಂಟಿನಲ್ಲಿ ಎಲ್ಲಿದೆ? ಕೆಳಗಿನ ತಂಡದ ಹೆಸರುಗಳಿಗೆ ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡದಂಥ ಉಚಿತ ಯೂನಿಕೋಡ್ ಫಾಂಟ್‌ಗಳು ಸಾಕು. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಭಾಷೆಗಳ ಲೇಔಟ್ ಆಯ್ಕೆ ಮಾಡಿಕೊಳ್ಳದಿದ್ದರೆ ‘ನಿರ್ದೇಶನ’ದ ಅರ್ಕಾವತ್ತು, ‘ಛಾಯಾಗ್ರಹಣ’ದ ರಾವತ್ತು ಒಡೆದು ಪಕ್ಕಕ್ಕೆ ಬಂದು ಕೂರುತ್ತವೆ. ಮುದ್ರಣದ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುತ್ತದೆಂಬ ಭರವಸೆಯೂ ಬೇಡ. ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ, ಅಂದರೆ ಗೆರೆಯ ಆಕಾರಗಳಿಗೆ, ಬದಲಿಸಿ ಪಿಡಿಎಫ್ ಕೊಡಿ. ಅದಕ್ಕೂ ಮೊದಲು ಒಮ್ಮೆ ಕಾಗುಣಿತ ನೋಡಿ, ಕರ್ವ್ಸ್ ಆದ ಮೇಲೆ ತಿದ್ದಲಾಗದು.

ಇನ್ನು ಕತ್ತಲು. ಪರದೆಯಲ್ಲಿ ಬೆಳಕು ಹಿಂದಿನಿಂದ ಬರುತ್ತದೆ, ಕಾಗದಕ್ಕೆ ಆ ಸೌಲಭ್ಯವಿಲ್ಲ. ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ಕಂಡ ಮಬ್ಬು ಬಾಗಿಲು ಮುದ್ರಣದಲ್ಲಿ ಮಸಿಯ ಹಾಳೆಯಾಗುತ್ತದೆ. ಅತಿ ಕಪ್ಪನ್ನು ಹಾಗೇ ಬಿಟ್ಟು ನಡುವಿನ ಛಾಯೆಗಳನ್ನು ಬೆಳಕು ತಿದ್ದುವ ‘ಕರ್ವ್ಸ್’ ಬಳಸಿ ತುಸು ಮೇಲೆತ್ತಿ. ಬಣ್ಣವನ್ನು ಮುದ್ರಣದ ಬಣ್ಣಕ್ರಮವಾದ ಸಿಎಂವೈಕೆಗೆ ಬದಲಿಸಿ, ಅಂಚಿಗೆ ಸುತ್ತ 3 ಮಿ.ಮೀ. ಹೆಚ್ಚುವರಿ ಚಿತ್ರ ಬಿಡಿ, ಇಲ್ಲದಿದ್ದರೆ ಕತ್ತರಿಸುವಾಗ ಬಿಳಿ ಗೆರೆ ಇಣುಕುತ್ತದೆ. ಐವತ್ತು ಪ್ರತಿಗೆ ಆರ್ಡರ್ ಕೊಡುವ ಮೊದಲು ಎ4ನಲ್ಲಿ ಒಂದು ಪ್ರತಿ ತೆಗೆಸಿ, ಕಾಲೇಜಿನ ಕಾರಿಡಾರಿನ ಬೆಳಕಿನಲ್ಲೇ ಹಿಡಿದು ನೋಡಿ.

ಪೋಸ್ಟರನ್ನು ಹೆಚ್ಚಿನವರು ನೋಡುವುದು ಮಾತ್ರ ಮೊಬೈಲಿನಲ್ಲಿ. ಎ3 ಚಿತ್ರವನ್ನೇ ಕುಗ್ಗಿಸಿ ಹಾಕಿದರೆ ತಂಡದ ಹೆಸರುಗಳು ಇರುವೆ ಸಾಲು. ಇನ್‌ಸ್ಟಾಗ್ರಾಂಗೆ 1080 x 1350ರಲ್ಲಿ ಇನ್ನೊಂದನ್ನು ಮಾಡಿ: ಚಪ್ಪಲಿ, ಬೀಗ, ಹೆಸರು, ಪ್ರದರ್ಶನದ ದಿನ ಮತ್ತು ಜಾಗ. ಛಾಯಾಗ್ರಾಹಕನ ಹೆಸರು ಬಿಟ್ಟಿದ್ದಕ್ಕೆ ಅವನು ಮುನಿಸಿಕೊಂಡರೆ, ಅದನ್ನು ಪೋಸ್ಟಿನ ಬರಹದಲ್ಲಿ ಮೊದಲ ಸಾಲಿಗೇ ಹಾಕಿ.