ಮನೆಯ ಸರ್ವರಿಗೊಂದು ಬಹಿರಂಗ ಶಾಸನ

ಮನೆಯ ಹಾಡು, ಸಿನಿಮಾ, ಫೋಟೊಗಳನ್ನೆಲ್ಲ ಒಂದೆಡೆ ಕೂಡಿಟ್ಟುಕೊಂಡು, ಕೇಳಿದ ಫೋನಿಗೆ ಟಿವಿಗೆ ಕಳಿಸಿಕೊಡುವ ಕಂಪ್ಯೂಟರನ್ನು ಮೀಡಿಯಾ ಸರ್ವರ್ ಎನ್ನುತ್ತಾರೆ. ಹಳೆಯ ಲ್ಯಾಪ್‌ಟಾಪ್, ದೊಡ್ಡದೊಂದು ಹಾರ್ಡ್ ಡಿಸ್ಕ್ ಮತ್ತು ಜೆಲ್ಲಿಫಿನ್‌ನಂಥ ಉಚಿತ ತಂತ್ರಾಂಶ ಇದ್ದರೆ ಅದು ಸಿದ್ಧ. ಗದಗ ಸೀಮೆಯ ಮನೆಗಳಲ್ಲಿ ಅದಕ್ಕೆ ತುಂಬುವ ಸರಕಿಗೇನೂ ಕೊರತೆಯಿಲ್ಲ: ಭೀಮಸೇನ ಜೋಶಿ, ಪುಟ್ಟರಾಜ ಗವಾಯಿಗಳ ಹಾಡಿಕೆಯ ಕ್ಯಾಸೆಟ್‌ಗಳು, ಮದುವೆಯ ವಿಡಿಯೊಗಳು, ಜಾತ್ರೆಯ ಫೋಟೊಗಳು. ಲಕ್ಕುಂಡಿಯ ಮನೆಯಲ್ಲಿರುವ ಇಂಥ ಸಂಗ್ರಹವನ್ನು ಬೆಂಗಳೂರಿನಲ್ಲಿರುವ ಮಗಳು ಮೊಬೈಲಿನಲ್ಲಿ ಕೇಳಬಯಸಿದಾಗ, ದಾರಿಯುದ್ದಕ್ಕೂ ಮಾತುಕತೆಯನ್ನು ಗೂಢಲಿಪಿಯಲ್ಲಿ ಅಡಗಿಸುವ ಎಚ್‌ಟಿಟಿಪಿಎಸ್‌ನ ಅಗತ್ಯ ಬೀಳುತ್ತದೆ. ಜೆಲ್ಲಿಫಿನ್ 8096 ಸಂಖ್ಯೆಯ ಬಾಗಿಲಿನಲ್ಲಿ, ಅಂದರೆ ಪೋರ್ಟಿನಲ್ಲಿ, ಗೂಢಲಿಪಿಯಿಲ್ಲದ ಬರಿಯ ಎಚ್‌ಟಿಟಿಪಿಯಲ್ಲಿ ವ್ಯವಹರಿಸುತ್ತದೆ. ಅದನ್ನು ಹಾಗೆಯೇ ಹೊರಗೆ ಬಿಟ್ಟರೆ ಪಾಸ್‌ವರ್ಡ್ ಕೂಡ ನಡುದಾರಿಯಲ್ಲಿ ಯಾರು ಬೇಕಾದರೂ ಓದುವಂತಿರುತ್ತದೆ.

ಮೊದಲ ತೊಡಕು ವಿಳಾಸದ್ದು. ಹಳೆಯ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. ಹೀಗಾಗಿ ಅನೇಕ ಇಂಟರ್‌ನೆಟ್ ಕಂಪನಿಗಳು ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುತ್ತವೆ. ರೂಟರಿನ ಹೊರಬದಿಯ ವಿಳಾಸ 100.64ರಿಂದ 100.127ರ ನಡುವಿನ ಸಂಖ್ಯೆಯಿಂದ ಆರಂಭವಾಗಿದ್ದರೆ ಆ ಮನೆ ಇಂಥ ಹಂಚಿಕೆಯಲ್ಲಿದೆ ಎಂದೇ ಅರ್ಥ. ಅಂಥಲ್ಲಿ ರೂಟರಿನ ಪೋರ್ಟ್ ತೆರೆದು ಎಷ್ಟು ಹೆಣಗಿದರೂ ಹೊರಗಿನವರು ಒಳಬರಲಾರರು. ಶುಲ್ಕ ಕೊಟ್ಟು ಸ್ಥಿರ ವಿಳಾಸ ಪಡೆಯಬಹುದು, ಇಲ್ಲವೇ ಹೊಸ ಮಾದರಿಯ ಐಪಿವಿ6 ವಿಳಾಸವನ್ನು ಬಳಸಬಹುದು. ವಿಳಾಸ ದಕ್ಕಿದ ಮೇಲೆ ಅದಕ್ಕೊಂದು ಡೊಮೇನ್ ಹೆಸರು ಬೇಕು. ವಿಳಾಸ ಆಗಾಗ ಬದಲಾಗುತ್ತಿದ್ದರೆ ಡೈನಮಿಕ್ ಡಿಎನ್‌ಎಸ್ ಸೇವೆ ಹೆಸರನ್ನು ಹೊಸ ವಿಳಾಸಕ್ಕೆ ತಾನೇ ಜೋಡಿಸುತ್ತದೆ.

ಗೂಢಲಿಪಿಯ ಕೆಲಸವನ್ನು ಜೆಲ್ಲಿಫಿನ್‌ಗೆ ವಹಿಸದೆ, ಅದರ ಮುಂದೆ, ಹೊರಗಿನ ಕೋರಿಕೆಗಳನ್ನು ತಾನು ಪಡೆದು ಒಳಗೆ ದಾಟಿಸುವ ಕ್ಯಾಡಿಯಂಥ ಪ್ರಾಕ್ಸಿ ತಂತ್ರಾಂಶವನ್ನು ಕೂರಿಸುವುದು ವಾಡಿಕೆ. ಹೊರಗಿನವರಿಗೆ ತೆರೆದಿರುವುದು ಪ್ರಾಕ್ಸಿಯ 443ನೆಯ ಪೋರ್ಟ್. 8096 ಮನೆಯೊಳಗೇ ಉಳಿಯುತ್ತದೆ. ಕ್ಯಾಡಿಗೆ ಡೊಮೇನಿನ ಹೆಸರು ತಿಳಿಸಿದರೆ ಸಾಕು, ಆ ಹೆಸರು ಈ ಸರ್ವರಿನದೇ ಎಂದು ಬ್ರೌಸರಿಗೆ ಖಾತ್ರಿಪಡಿಸುವ ಪ್ರಮಾಣಪತ್ರವನ್ನು ಅದು ತಾನೇ ಬೇಡಿ ತರುತ್ತದೆ. ಸಾಮಾನ್ಯವಾಗಿ ಅದನ್ನು ಕೊಡುವುದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ. 2015ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಈ ಸೇವೆ ಬೇಡಿದವರ ಹೆಸರು, ಗುರುತಿನ ಚೀಟಿ ಏನನ್ನೂ ಕೇಳುವುದಿಲ್ಲ. ಅದು ಒಂದು ಗುರುತಿನ ಸಾಲನ್ನು ಕೊಟ್ಟು, ಆ ಡೊಮೇನಿನ 80ನೆಯ ಪೋರ್ಟಿನಲ್ಲಿ ಅದನ್ನು ತೋರಿಸುವಂತೆ ಹೇಳುತ್ತದೆ. ಅದರ ಬದಲು ಹೆಸರನ್ನು ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ದಾಖಲೆಯಲ್ಲಿಯೂ ಬರೆದು ತೋರಿಸಬಹುದು. ತೋರಿಸಲು ಸಾಧ್ಯವಾದವರೇ ಆ ಹೆಸರಿನ ಒಡೆಯರು. ದುಡ್ಡು ಕೊಟ್ಟು ಕೊಂಡ ಪ್ರಮಾಣಪತ್ರದಲ್ಲಿ ಗೂಢಲಿಪಿ ಹೆಚ್ಚು ಬಲಿಷ್ಠ ಎಂಬುದು ಬರೀ ಮೂಢನಂಬಿಕೆ. ಲಿಪಿಯ ಬಲ ಎರಡೂ ತುದಿಯ ತಂತ್ರಾಂಶಗಳು ಒಪ್ಪಿಕೊಳ್ಳುವ ಗಣಿತದ್ದೇ ಹೊರತು ಕೊಟ್ಟ ಬೆಲೆಯದಲ್ಲ.

ಪ್ರಮಾಣಪತ್ರ ಸಿದ್ಧವಾಗುವ ಗಳಿಗೆಯಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಇಡೀ ಏರ್ಪಾಟಿನಲ್ಲಿ ಅತ್ಯಂತ ಸೊಗಸಾದದ್ದು ಅದೇ, ಜನರ ಗಮನಕ್ಕೆ ಬಾರದಿರುವುದೂ ಅದೇ. ಯಾವ ಹೆಸರಿಗೆ, ಯಾರು, ಎಂದು ಪ್ರಮಾಣಪತ್ರ ಕೊಟ್ಟರೆಂಬುದು ಜಗತ್ತಿನ ಯಾರು ಬೇಕಾದರೂ ಓದಬಹುದಾದ ದಾಖಲೆಗಳಲ್ಲಿ ಸೇರುತ್ತದೆ. ಲಕ್ಕುಂಡಿಯ ಬ್ರಹ್ಮಜಿನಾಲಯದ ಕ್ರಿ.ಶ. 1007ರ ಶಾಸನ ದಾನಚಿಂತಾಮಣಿ ಎಂಬ ಬಿರುದಿನ ಅತ್ತಿಮಬ್ಬೆಯ ದಾನಕಾರ್ಯವನ್ನು ಕಲ್ಲಿನಲ್ಲಿ ಕೊರೆದು ಎಲ್ಲರೆದುರು ನಿಲ್ಲಿಸಿರುವುದರ ಹಿಂದೆಯೂ ಇದೇ ವಿವೇಕವಿದೆ: ಊರೆಲ್ಲ ಓದುವ ಬರಹವನ್ನು ಒಬ್ಬಿಬ್ಬರು ಸದ್ದಿಲ್ಲದೆ ತಿದ್ದಲಾರರು.

ಕಲ್ಲಿನ ಜಾಗದಲ್ಲಿ ಇಲ್ಲಿರುವುದು ಗಣಿತ. ಪ್ರತಿ ನಮೂದಿನಿಂದಲೂ 256 ಬಿಟ್‌ಗಳ ಒಂದು ಸಾರಸಂಖ್ಯೆ ಹುಟ್ಟುತ್ತದೆ. ಅಂಥ ಎರಡು ಸಂಖ್ಯೆಗಳನ್ನು ಸೇರಿಸಿ ಮತ್ತೊಂದು, ಆ ಬಗೆಯ ಎರಡನ್ನು ಸೇರಿಸಿ ಇನ್ನೊಂದು, ಹೀಗೆ ಮೇಲೇರುತ್ತ ಕೊನೆಗೆ ಒಂದೇ ಸಂಖ್ಯೆ ಉಳಿಯುತ್ತದೆ. ತಳದ ಯಾವುದೋ ನಮೂದಿನ ಒಂದಕ್ಷರ ಬದಲಾದರೂ ನೆತ್ತಿಯ ಸಂಖ್ಯೆ ಬದಲಾಗಿ ಮೋಸ ಬಯಲಾಗುತ್ತದೆ. ನೂರು ಕೋಟಿ ನಮೂದುಗಳ ದಾಖಲೆಯಲ್ಲಿ ನಿರ್ದಿಷ್ಟ ಪ್ರಮಾಣಪತ್ರ ಇದೆಯೆಂದು ರುಜುವಾತು ಮಾಡಲು ಕೇವಲ 30 ಸಾರಸಂಖ್ಯೆಗಳು ಸಾಕು. ಅವೆಲ್ಲ ಸೇರಿ ಒಂದು ಕಿಲೋಬೈಟ್ ಕೂಡ ಆಗುವುದಿಲ್ಲ!

ಈ ಬಿಗಿ ಸುಮ್ಮನೆ ಬಂದದ್ದಲ್ಲ. 2011ರಲ್ಲಿ ನೆದರ್‌ಲೆಂಡ್ಸ್‌ನ ಡಿಜಿನೋಟಾರ್ ಎಂಬ ಪ್ರಮಾಣಪತ್ರ ಸಂಸ್ಥೆಯ ಕಂಪ್ಯೂಟರುಗಳಿಗೆ ನುಗ್ಗಿದವರು ಗೂಗಲ್ ಹೆಸರಿನಲ್ಲೇ ನಕಲಿ ಪ್ರಮಾಣಪತ್ರ ಹೊರಡಿಸಿದರು. ಭಾರತವೂ ಇದಕ್ಕೆ ಹೊರತಾಗಿರಲಿಲ್ಲ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣಪತ್ರ ವ್ಯವಸ್ಥೆಯಿಂದ ಗೂಗಲ್‌ನ ಹಲವು ಡೊಮೇನ್‌ಗಳಿಗೆ ಅನಧಿಕೃತ ಪತ್ರಗಳು ಹೊರಟಿರುವುದು 2014ರ ಜುಲೈ 2ರಂದು ಗೂಗಲ್‌ನ ಗಮನಕ್ಕೆ ಬಂತು. ಮರುದಿನವೇ ಆ ಕೇಂದ್ರದ ಪತ್ರಗಳಿಗೆ ಆಧಾರವಾಗಿದ್ದ ಮಧ್ಯವರ್ತಿ ಪ್ರಮಾಣಪತ್ರಗಳನ್ನು ರದ್ದುಮಾಡಲಾಯಿತು. ಇಂಥ ಮೋಸ ಗುಟ್ಟಾಗಿ ಉಳಿಯದಿರಲೆಂದೇ, 2018ರ ಏಪ್ರಿಲ್ 30ರ ನಂತರ ಹೊರಟ ಪ್ರಮಾಣಪತ್ರ ಬಹಿರಂಗ ದಾಖಲೆಗೆ ಸೇರದಿದ್ದರೆ ಕ್ರೋಮ್ ಅದನ್ನು ನಂಬುವುದಿಲ್ಲ.

ಮನೆಯ ಸರ್ವರಿಗೆ ಇದರ ಪರಿಣಾಮ ನೇರವಾಗಿ ತಟ್ಟುತ್ತದೆ. ‘ನಮ್ಮ ಮನೆಯ ಡೊಮೇನ್ ಯಾರಿಗೆ ಗೊತ್ತು?’ ಎಂಬ ಧೈರ್ಯಕ್ಕೆ ಆಧಾರವೇ ಇಲ್ಲ. ಹೆಸರು ದಾಖಲೆಗೆ ಸೇರಿದ ಕೆಲವೇ ನಿಮಿಷಗಳಲ್ಲಿ ಅಪರಿಚಿತ ಯಂತ್ರಗಳು ಬಂದು ದುರ್ಬಲ ಪಾಸ್‌ವರ್ಡ್‌ಗಾಗಿ, ಹಳೆಯ ತಂತ್ರಾಂಶಕ್ಕಾಗಿ ತಡಕಾಡುವುದು ಮಾಮೂಲು. ಅಂಥ ಯಂತ್ರದೊಂದಿಗೂ ಎಚ್‌ಟಿಟಿಪಿಎಸ್ ಅಷ್ಟೇ ಗುಟ್ಟಾಗಿ ಮಾತಾಡುತ್ತದೆ, ಏಕೆಂದರೆ ಅದು ಕಾಯುವುದು ದಾರಿಯನ್ನು ಮಾತ್ರ. ಬ್ರೌಸರಿನಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಕಂಡರೆ ತಾಣ ಸುರಕ್ಷಿತ ಎಂದು ನಂಬುವವರು ಇನ್ನೂ ಬಹಳ. ವಂಚಕರ ತಾಣಗಳಿಗೂ ಪ್ರಮಾಣಪತ್ರ ಸಿಗುತ್ತದೆ. ಜನ ಅಪಾರ್ಥ ಮಾಡಿಕೊಳ್ಳುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ಕೈಬಿಟ್ಟಿತು.

ಆದ್ದರಿಂದ ಜೆಲ್ಲಿಫಿನ್‌ನ ಪ್ರತಿ ಖಾತೆಗೂ ಉದ್ದನೆಯ ಪಾಸ್‌ವರ್ಡ್ ಬೇಕು, ತಂತ್ರಾಂಶವನ್ನು ತಪ್ಪದೆ ನವೀಕರಿಸುತ್ತಿರಬೇಕು. ಡಿಎನ್‌ಎಸ್ ಮೂಲಕ ರುಜುವಾತು ನೀಡಿ, ಉಪಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆಯಿರುವ ಪ್ರಮಾಣಪತ್ರ ಪಡೆದರೆ ಸರ್ವರಿನ ಪೂರ್ಣ ಹೆಸರು ದಾಖಲೆಯಲ್ಲಿ ಕಾಣುವುದಿಲ್ಲ. ನಾಲ್ಕೈದು ಮಂದಿಯ ಮನೆಮಟ್ಟಿನ ಬಳಕೆಗೆ ಪೋರ್ಟನ್ನೇ ತೆರೆಯದೆ, ವೈರ್‌ಗಾರ್ಡ್ ಆಧಾರಿತ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ ಹಾಕಿಕೊಳ್ಳುವುದೇ ಮೇಲು. ವಿಳಾಸ ಹಂಚಿಕೆಯ ತೊಡಕೂ ಅಲ್ಲಿಗೆ ತೀರುತ್ತದೆ.

ಉಳಿದದ್ದು ನವೀಕರಣ. ಲೆಟ್ಸ್ ಎನ್‌ಕ್ರಿಪ್ಟ್ ಮೊದಲಿನಿಂದಲೂ ತನ್ನ ಪ್ರಮಾಣಪತ್ರಗಳಿಗೆ 90 ದಿನಗಳ ಆಯುಷ್ಯವಿಟ್ಟಿತ್ತು. ಎಲ್ಲ ಸಂಸ್ಥೆಗಳ ಪತ್ರಗಳ ಗರಿಷ್ಠ ಅವಧಿಯನ್ನೂ 2029ರ ಮಾರ್ಚ್ ಹೊತ್ತಿಗೆ 47 ದಿನಗಳಿಗೆ ಇಳಿಸಲು ಬ್ರೌಸರ್ ಮತ್ತು ಪ್ರಮಾಣಪತ್ರ ಸಂಸ್ಥೆಗಳ ವೇದಿಕೆ 2025ರಲ್ಲಿ ತೀರ್ಮಾನಿಸಿದೆ. ಕ್ಯಾಡಿ ಅವಧಿ ಮುಗಿಯುವ ಮುನ್ನವೇ ತಾನಾಗಿ ಹೊಸದನ್ನು ತರುತ್ತದೆ. ಆದರೆ ಆ ದಿನಗಳಲ್ಲಿ ಲ್ಯಾಪ್‌ಟಾಪ್ ಆರಿಹೋಗಿದ್ದರೆ, ಅಥವಾ ರುಜುವಾತಿಗೆ ಬೇಕಾದ ಪೋರ್ಟನ್ನು ಯಾರೋ ಮುಚ್ಚಿದ್ದರೆ ಕೆಲಸ ನಿಲ್ಲುತ್ತದೆ. ಅವಧಿ ಮುಗಿಯಲಿದೆಯೆಂದು ಇಮೇಲ್ ಕಳಿಸುವ ಪದ್ಧತಿಯನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿರುವುದರಿಂದ, ತಿಂಗಳಿಗೊಮ್ಮೆ ಬ್ರೌಸರಿನಲ್ಲಿ ಪ್ರಮಾಣಪತ್ರದ ಕೊನೆಯ ದಿನಾಂಕವನ್ನು ನೋಡಿಕೊಳ್ಳುವ ಹೊಣೆ ಮನೆಯವರದ್ದೇ.