ಬಯಲಿನಲ್ಲಿ ದೂರದರ್ಶಕ: ಸಾಲಿನಲ್ಲಿ ನಿಂತವರಿಗೆಲ್ಲ ಆಕಾಶ ಕಾಣಿಸುವ ಹೊಣೆ

ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಕಾಲದ ಪಟ್ಟದಕಲ್ಲಿನ ಸ್ತಂಭಶಾಸನದಲ್ಲಿ ಪೂರ್ಣ ಸೂರ್ಯಗ್ರಹಣವೊಂದರ ಉಲ್ಲೇಖವಿದ್ದು, ವಿದ್ವಾಂಸರು ಅದನ್ನು ಕ್ರಿ.ಶ. 754ರ ಗ್ರಹಣವೆಂದು ಗುರುತಿಸಿದ್ದಾರೆ. ಗ್ರಹಣದ ಕತ್ತಲೆ ಇಡೀ ಊರಿಗೆ ಒಟ್ಟಿಗೆ ಒದಗುವಂಥದ್ದು. ದೂರದರ್ಶಕದ ನೋಟವಾದರೋ ಒಮ್ಮೆಗೆ ಒಬ್ಬರಿಗಷ್ಟೇ ದಕ್ಕುತ್ತದೆ. ಸಾರ್ವಜನಿಕ ಆಕಾಶ ವೀಕ್ಷಣೆಯ ಹೆಚ್ಚಿನ ತೊಡಕುಗಳಿಗೆ ಇದೇ ಮೂಲ.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ನೂರು ಪಟ್ಟು ಹಿಗ್ಗಿಸಿದಾಗ ಸಿಗುವ ಅರ್ಧ ಡಿಗ್ರಿ ಅಗಲದ ನೋಟವನ್ನು ಶನಿಗ್ರಹವು ಸುಮಾರು ಎರಡೇ ನಿಮಿಷಗಳಲ್ಲಿ ದಾಟಿಹೋಗುತ್ತದೆ. ಈ ಚಲನೆಯನ್ನು ಹಿಂಬಾಲಿಸುವ ಪೀಠದ ಅಕ್ಷವನ್ನು ಧ್ರುವ ನಕ್ಷತ್ರದತ್ತ ಹೊಂದಿಸಬೇಕು. ಪಟ್ಟದಕಲ್ಲಿನಲ್ಲಿ ಆ ನಕ್ಷತ್ರ ದಿಗಂತದಿಂದ 16 ಡಿಗ್ರಿಯಷ್ಟೇ ಮೇಲಿರುವುದರಿಂದ ಮರವೋ ಮನೆಯೋ ಅದನ್ನು ಸುಲಭವಾಗಿ ಮರೆಮಾಡುತ್ತದೆ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪಾದಚಾರಿ ಮಾರ್ಗಗಳಲ್ಲಿ ದಾರಿಹೋಕರಿಗೆ ಆಕಾಶ ತೋರಿಸುವ ಸಂಘ ಕಟ್ಟಿದ ಜಾನ್ ಡಾಬ್ಸನ್, ಕೈಯಿಂದ ತಳ್ಳಿ ತಿರುಗಿಸಬಹುದಾದ ಸರಳ ಮರದ ಪೀಠವನ್ನು ಬಳಕೆಗೆ ತಂದದ್ದು ಇಂಥ ಬಯಲು ವೀಕ್ಷಣೆಗೆ ದೊಡ್ಡ ಅನುಕೂಲವಾಯಿತು.

ಸ್ಥಳದ ಆಯ್ಕೆಯೂ ಸುಲಭವಲ್ಲ. ಪಟ್ಟದಕಲ್ಲಿನ ಸ್ಮಾರಕಗಳ ಆವರಣ ಸೂರ್ಯಾಸ್ತಕ್ಕೆ ಮುಚ್ಚುವುದರಿಂದ ವೀಕ್ಷಣೆ ಹೊರಗಿನ ಬಯಲಿನಲ್ಲೇ ನಡೆಯಬೇಕು; ಹಗಲೆಲ್ಲ ಕಾದ ಕಲ್ಲು, ಹಾಸುಗಲ್ಲುಗಳು ಸಂಜೆ ಬಿಸಿ ಉಗುಳುವಾಗ ಮೇಲಿನ ಗಾಳಿ ಅಲುಗಿ ಗ್ರಹದ ಬಿಂಬವೂ ಕದಡುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಆದರೆ ಸಾಲಿನಲ್ಲಿ ಬೆಳಗುವ ಒಂದು ಮೊಬೈಲ್ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ನೋಡಲು ಬಂದವರ ಸಂಕೋಚ. ಮಗುವೊಂದು ಆಸರೆಗೆಂದು ಕೊಳವೆ ಹಿಡಿದರೆ ಗ್ರಹ ನೋಟದಿಂದ ಜಾರುತ್ತದೆ. ಹಿರಿಯರು ಕಣ್ಣನ್ನು ನೇತ್ರಮಸೂರದ, ಅಂದರೆ ಕಣ್ಣಿಟ್ಟು ನೋಡುವ ಮಸೂರದ, ನೇರಕ್ಕೆ ತರಲಾಗದೆ ಬರಿಯ ಕತ್ತಲೆ ಕಂಡರೂ, ಹಿಂದಿನವರು ಕಾಯುತ್ತಿರುವರೆಂದು "ಕಂಡಿತ್ರಿ" ಎಂದು ಸರಿದುಬಿಡುತ್ತಾರೆ. ಆದ್ದರಿಂದ ತೋರಿಸುವವರು "ಕಂಡಿತೇ?" ಎಂದು ಕೇಳುವ ಬದಲು "ಉಂಗುರ ಯಾವ ಕಡೆ ವಾಲಿದೆ?" ಎಂದು ಕೇಳುವುದು ಲೇಸು. ಛಾಯಾಚಿತ್ರಗಳಲ್ಲಿ ಬಣ್ಣಬಣ್ಣವಾಗಿ ಕಾಣುವ ನೀಹಾರಿಕೆ, ಅಂದರೆ ಅನಿಲ ಮತ್ತು ಧೂಳಿನ ಮೋಡ, ಇಲ್ಲಿ ಬೂದು ಮಸುಕಾಗಿ ಕಾಣುವುದೆಂದು ಮೊದಲೇ ತಿಳಿಸಿದರೆ ನಿರಾಸೆ ತಪ್ಪುತ್ತದೆ.

ಹುಣ್ಣಿಮೆಗಿಂತ ಶುಕ್ಲ ಅಷ್ಟಮಿಯ ಆಸುಪಾಸಿನ ಸಂಜೆ ಇಂಥ ಕಾರ್ಯಕ್ರಮಕ್ಕೆ ತಕ್ಕದ್ದು, ಏಕೆಂದರೆ ಬೆಳಕು ಓರೆಯಾಗಿ ಬೀಳುವ ಗಡಿಯಲ್ಲಿ ಚಂದ್ರನ ಕುಳಿಗಳ ನೆರಳು ನಿಚ್ಚಳವಾಗಿರುತ್ತದೆ. ಹತ್ತು ಕಾಯಗಳನ್ನು ಅವಸರದಲ್ಲಿ ತೋರಿಸುವುದಕ್ಕಿಂತ ಆ ಒಂದು ಚಂದ್ರನನ್ನೇ, ಪ್ರತಿಯೊಬ್ಬರೂ ತಾವು ಕಂಡದ್ದನ್ನು ಬಾಯಿಬಿಟ್ಟು ಹೇಳುವವರೆಗೆ, ತಾಳ್ಮೆಯಿಂದ ತೋರಿಸುವುದು ಮೇಲು.